ಫಿಟ್ಸ್‌ಗೆ ಮೂಗಿನ ಸ್ಪ್ರೇ: ಡೊಂಬಿವಲಿಯ ಒಬ್ಬ ತಾಯಿಯ ಅನುಭವ

ಫಿಟ್ಸ್ ಬರುವ ಮಗು ಮನೆಯಲ್ಲಿದ್ದರೆ ಮಿಡಜೋಲಾಮ್ ನೇಸಲ್ ಸ್ಪ್ರೇ, ಅಂದರೆ ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಔಷಧದ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಒಮ್ಮೆ ಕೇಳಲೇಬೇಕು. ನನ್ನ ಮಗಳಿಗೆ 7 ವರ್ಷ, ತೂಕ 20 ಕಿಲೋ. ತವರು ಧಾರವಾಡ, ಇರೋದು ಡೊಂಬಿವಲಿಯಲ್ಲಿ. ಈ ಸ್ಪ್ರೇ ಈಗ ನನ್ನ ಪರ್ಸಿನಲ್ಲಿ ಒಂದು, ಅಡುಗೆಮನೆ ಕಪಾಟಿನಲ್ಲಿ ಒಂದು, ಶಾಲೆಯ ಆಫೀಸಿನಲ್ಲಿ ಒಂದು ಇದೆ.

ಮೊದಲು ನಮಗೆ ಕೊಟ್ಟಿದ್ದು ಹಿಂದಿನಿಂದ, ಅಂದರೆ ಗುದದ್ವಾರದಿಂದ ಹಾಕುವ ಡಯಾಜೆಪಾಮ್. ಔಷಧ ಕೆಟ್ಟದ್ದಲ್ಲ. ಎಷ್ಟೋ ವರ್ಷಗಳಿಂದ ಎಷ್ಟೋ ಮಕ್ಕಳ ಫಿಟ್ಸ್ ನಿಲ್ಲಿಸಿದೆ. ಆದರೆ ಹೊಟ್ಟೆಯಲ್ಲಿ ಮಲ ಇದ್ದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕೆಲವೊಮ್ಮೆ ಹಾಕಿದ್ದು ಹಾಗೇ ಹೊರಗೆ ಬಂದುಬಿಡುತ್ತದೆ. ಜೊತೆಗೆ, ಸೆಟೆದುಕೊಂಡಿರುವ ಮಗುವನ್ನು ಮಗ್ಗುಲಾಗಿಸಿ ಚಡ್ಡಿ ಕೆಳಗಿಳಿಸಬೇಕು. ಮನೆಯಲ್ಲಾದರೆ ಹೇಗೋ ಆಗುತ್ತದೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ? ಹುಡುಗಿ ದೊಡ್ಡವಳಾಗುತ್ತಿದ್ದಾಳೆ, ಅವಳಿಗೂ ಒಂದು ಮರ್ಯಾದೆ ಇದೆ ಅಲ್ವಾ?

ನಮ್ಮ ನ್ಯೂರಾಲಜಿಸ್ಟ್ ಡಾಕ್ಟರು ಸ್ಪ್ರೇಗೆ ಬದಲಾಯಿಸಿದಾಗ ಇದು ಯಾಕೆ ಕೆಲಸ ಮಾಡುತ್ತದೆ ಅಂತ ತಾಳ್ಮೆಯಿಂದ ವಿವರಿಸಿದರು. ನುಂಗಿದ ಮಾತ್ರೆ ಹೊಟ್ಟೆಯಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲೇ ಒಂದು ದೊಡ್ಡ ಪಾಲು ಕರಗಿ ಹೋಗುತ್ತದೆ. ಫಿಟ್ಸ್ ಬಂದಿರುವ ಮಗುವಿನ ಬಾಯಿಗೆ ಮಾತ್ರೆ, ನೀರು ಏನೂ ಹಾಕಲೂಬಾರದು, ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಮೂಗಿನ ಒಳಚರ್ಮದಲ್ಲಿ ಸಣ್ಣ ಸಣ್ಣ ರಕ್ತನಾಳಗಳು ತುಂಬಿವೆ. ಅಲ್ಲಿ ಬಿದ್ದ ಔಷಧ ಲಿವರ್‌ಗೆ ಹೋಗದೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಹನಿ ಹಾಕಿದರೆ ಗಂಟಲಿಗೆ ಜಾರುತ್ತದೆ, ಮಂಜಿನ ಹಾಗೆ ಸಿಂಪಡಿಸಿದರೆ ಒಳಗೆಲ್ಲ ಹರಡಿಕೊಳ್ಳುತ್ತದೆ.

ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಅವರು ಹೇಳಿದ ಇನ್ನೊಂದು ವಿಷಯ. ಅಮೆರಿಕದಲ್ಲಿ ಆಂಬುಲೆನ್ಸ್ ಸಿಬ್ಬಂದಿ ರಾಂಪಾರ್ಟ್ ಅಂತ ಒಂದು ದೊಡ್ಡ ಅಧ್ಯಯನ ಮಾಡಿದರು. ಅದು ಪ್ರಕಟವಾದದ್ದು 2012ರಲ್ಲಿ. ಫಿಟ್ಸ್ ನಿಲ್ಲದವರಲ್ಲಿ ಕೆಲವರಿಗೆ ತೊಡೆಯ ಸ್ನಾಯುವಿಗೆ ಮಿಡಜೋಲಾಮ್ ಚುಚ್ಚಿದರು, ಕೆಲವರಿಗೆ ಅದೇ ಬಗೆಯ ಇನ್ನೊಂದು ಔಷಧ ಲೋರಾಜೆಪಾಮ್ ಅನ್ನು ರಕ್ತನಾಳಕ್ಕೆ ಕೊಟ್ಟರು. ಔಷಧ ಒಳಗೆ ಹೋದ ಮೇಲೆ ಬೇಗ ಕೆಲಸ ಮಾಡಿದ್ದು ರಕ್ತನಾಳದ್ದೇ, ಸುಮಾರು 1.6 ನಿಮಿಷಕ್ಕೆ. ಸ್ನಾಯುವಿನದ್ದಕ್ಕೆ 3.3 ನಿಮಿಷ ಹಿಡಿಯಿತು. ಆದರೆ ನಡುಗುತ್ತಿರುವ ಕೈಯಲ್ಲಿ ನಾಳ ಹುಡುಕಿ ಸೂಜಿ ಹಾಕುವಷ್ಟರಲ್ಲೇ 4.8 ನಿಮಿಷ ಹೋಗುತ್ತಿತ್ತು. ತೊಡೆಗೆ ಚುಚ್ಚೋಕೆ 1.2 ನಿಮಿಷ ಸಾಕಾಯಿತು. ಆಸ್ಪತ್ರೆ ತಲುಪುವಾಗ ಫಿಟ್ಸ್ ನಿಂತಿದ್ದವರು ಸ್ನಾಯುವಿನ ಗುಂಪಿನಲ್ಲಿ ನೂರಕ್ಕೆ 73, ರಕ್ತನಾಳದ ಗುಂಪಿನಲ್ಲಿ 63. ಕೊಟ್ಟ ಔಷಧ ಎಷ್ಟು ವೇಗದ್ದು ಅನ್ನೋದಕ್ಕಿಂತ ಅದು ಎಷ್ಟು ಬೇಗ ಒಳಗೆ ಹೋಯಿತು ಅನ್ನೋದೇ ಮುಖ್ಯವಾಯಿತು. ಅಲ್ಲಿ ಕೊಟ್ಟವರು ತರಬೇತಿ ಪಡೆದವರು. ನನಗೆ ಸೂಜಿ ಹಿಡಿಯೋಕೆ ಬರಲ್ಲ. ನನಗೆ ಬರೋದು ಸ್ಪ್ರೇ ಒತ್ತೋಕೆ.

ಸ್ಪ್ರೇ ಒತ್ತಲೇಬೇಕಾಗಿ ಬಂದದ್ದು ಲೋಕಲ್ ಟ್ರೇನಿನಲ್ಲಿ. ಸ್ಲೋ ಗಾಡಿ, ಲೇಡೀಸ್ ಡಬ್ಬಾ, ದಿವಾ ಸ್ಟೇಷನ್ ಬಿಟ್ಟ ಕೂಡಲೇ ಮಗಳ ಕಣ್ಣು ಮೇಲಕ್ಕೆ ಹೋಯಿತು. ಜೊತೆಗಿದ್ದ ಅತ್ತೆ ನೀರಿನ ಬಾಟಲಿ ತೆಗೆದರು. ಎದುರಿಗಿದ್ದ ಹೆಂಗಸು "ಕಾಂದಾ ಹುಂಗವಾ" ಅಂತ ಮರಾಠಿಯಲ್ಲಿ ಕೂಗಿದಳು, ಈರುಳ್ಳಿ ಮೂಸಿಸು ಅಂತ. ನಾನು "ಅತ್ತೆ, ನೀರು ಬೇಡ, ನೀವು ಟೈಮ್ ನೋಡ್ತಾ ಇರಿ" ಅಂದೆ. ಮಗಳನ್ನು ಎಡಮಗ್ಗುಲಿಗೆ ಮಲಗಿಸಿದೆ. ನಮ್ಮ ಡಾಕ್ಟರು ಹೇಳಿದ್ದು, 5 ನಿಮಿಷ ದಾಟಿದರೆ ಸ್ಪ್ರೇ ಅಂತ. ಮುಂಬ್ರಾದಲ್ಲಿ ಅತ್ತೆ "ಐದಾಯ್ತು ಕಣೇ" ಅಂದರು. ಹೊಡೆದೆ. ಕಲವಾ ಬರುವಷ್ಟರಲ್ಲಿ ಸೆಟೆದ ಕೈಬೆರಳು ಸಡಿಲವಾದವು. ಠಾಣೆಯಲ್ಲಿ ಇಳಿದು ಆಸ್ಪತ್ರೆಗೆ ಹೋದೆವು. ಆ ಗದ್ದಲದಲ್ಲಿ, ಅಷ್ಟು ಜನರ ಮುಂದೆ, ಬಟ್ಟೆ ಬಿಚ್ಚಿ ಔಷಧ ಹಾಕೋದು ನನ್ನಿಂದ ಆಗುತ್ತಿರಲಿಲ್ಲ.

ಈಗ ದೂರುಗಳಿಗೆ ಬರುತ್ತೇನೆ, ಅವೂ ಇವೆ.

ನಾವು ಕೊಳ್ಳುವ ಸ್ಪ್ರೇಯಲ್ಲಿ ಒಂದು ಒತ್ತಿಗೆ ಬರೋದು ಅರ್ಧ ಮಿಲಿಗ್ರಾಂ. ಮೂಗಿನ ಡೋಸ್ ಸಾಮಾನ್ಯವಾಗಿ ಕಿಲೋಗೆ 0.2 ಮಿಲಿಗ್ರಾಂ. ನನ್ನ ಮಗಳಿಗೆ 4 ಮಿಲಿಗ್ರಾಂ, ಅಂದರೆ 8 ಸಲ ಒತ್ತಬೇಕು. ಒಂದು ಹೊಳ್ಳೆಗೆ ನಾಲ್ಕು, ಇನ್ನೊಂದಕ್ಕೆ ನಾಲ್ಕು, ಬದಲಿಸಿ ಬದಲಿಸಿ. ಕೈ ನಡುಗುವಾಗ ಲೆಕ್ಕ ತಪ್ಪುವ ಭಯ. ನಾನು ಜೋರಾಗಿ "ಒಂದು, ಎರಡು" ಅಂತ ಹೇಳಿಕೊಂಡೇ ಒತ್ತುತ್ತೇನೆ. ಒಂದು ಒತ್ತಿಗೆ ಜಾಸ್ತಿ ಔಷಧ ಬರುವ ಬಾಟಲಿಯೂ ಸಿಗುತ್ತದೆ. ಹಾಗಾಗಿ ಪ್ರತಿ ಸಲ ಕೊಳ್ಳುವಾಗ ಲೇಬಲ್ ಓದಲೇಬೇಕು, ಅದೇ ಔಷಧ ಅಂತ ಸುಮ್ನೆ ಅಷ್ಟೇ ಸಲ ಒತ್ತಬಾರದು. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕ ಸ್ಪ್ರೇಯಲ್ಲಿ ಒಂದೇ ಒತ್ತಿಗೆ 5 ಮಿಲಿಗ್ರಾಂ ಬರುತ್ತದೆ, ಆದರೆ ಅದು 12 ವರ್ಷ ಮೇಲಿನವರಿಗೆ. ಯುರೋಪಿನಲ್ಲಿ ಮಕ್ಕಳಿಗಾಗಿ ವಯಸ್ಸಿಗೆ ತಕ್ಕ ಅಳತೆ ತುಂಬಿಸಿಟ್ಟ ಸಿರಿಂಜ್ ಇದೆ. ಸೂಜಿ ಇಲ್ಲ, ಕೆನ್ನೆ ಮತ್ತು ಒಸಡಿನ ನಡುವೆ ಬಿಡೋದು. ಅಂಥದ್ದು ನಮ್ಮ ಗಲ್ಲಿಯ ಮೆಡಿಕಲ್‌ನಲ್ಲೂ ಸಿಗಬೇಕು ಅನ್ನೋದು ನನ್ನ ಆಸೆ.

ಬಾಟಲಿಯನ್ನು ಆದಷ್ಟು ನೆಟ್ಟಗೆ ಹಿಡಿಯಬೇಕು. ತಲೆಕೆಳಗಾದರೆ ಔಷಧದ ಬದಲು ಗಾಳಿ ಬರುತ್ತದೆ. ಹೊಸ ಬಾಟಲಿಯಲ್ಲಿ ಮೊದಲ ಕೆಲವು ಒತ್ತು ಖಾಲಿ ಹೋಗುತ್ತವೆ, ಮಂಜು ಕಾಣುವವರೆಗೆ ಹೊರಗೆ ಒತ್ತಿ ನೋಡಿಕೊಳ್ಳಬೇಕು. ಇದನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಬೇಕಿತ್ತು. ಒಳಗಿನ ಚೀಟಿಯ ಅಕ್ಷರ ಎಷ್ಟು ಸಣ್ಣದು ಅಂದರೆ ಅತ್ತೆಗೆ ಕನ್ನಡಕ ಹಾಕಿದರೂ ಕಾಣಲ್ಲ. ಶೀತ ಆಗಿ ಮೂಗು ಕಟ್ಟಿದ್ದರೆ ಔಷಧ ಸರಿಯಾಗಿ ಹಿಡಿಯೋದಿಲ್ಲ. ಮಳೆಗಾಲದಲ್ಲಿ ನನಗೆ ಇದೇ ಚಿಂತೆ. ಹೊಡೆದ ಮೇಲೆ ಮೂಗು ಉರಿಯುತ್ತದೆ, ಗಂಟಲು ಕಹಿಯಾಗುತ್ತದೆ. ಎಚ್ಚರವಾದ ಮೇಲೆ ಮಗಳ ಮೊದಲ ದೂರು ಅದೇ.

ಔಷಧ ಕೊಟ್ಟ ಮೇಲೆ ಮಗು ಗಾಢವಾಗಿ ಮಲಗುತ್ತದೆ. ಉಸಿರಾಟ ನಿಧಾನ ಆಗುವ ಅಪಾಯ ಇರೋದರಿಂದ ಎದೆ ಏರಿಳಿಯೋದನ್ನು ನೋಡುತ್ತಲೇ ಇರಬೇಕು. ಸ್ಪ್ರೇ ಹೊಡೆದು 5 ನಿಮಿಷವಾದರೂ ನಿಲ್ಲದಿದ್ದರೆ, ಉಸಿರಾಟ ಸರಿ ಇಲ್ಲದಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ. ನಿಮ್ಮಷ್ಟಕ್ಕೇ ಎರಡನೇ ಡೋಸ್ ಕೊಡಬೇಡಿ. ಅಲ್ಲಿಂದ ಮುಂದೆ ರಕ್ತನಾಳದ ಔಷಧವೇ ಬೇಕು, ನಾಳ ಸಿಗದಿದ್ದರೆ ಕಾಲಿನ ಮೂಳೆಯೊಳಗೆ ಸೂಜಿ ಹಾಕಿಯೂ ಕೊಡುತ್ತಾರೆ. ಅದು ಆಸ್ಪತ್ರೆಯವರ ಕೆಲಸ.

ಕೊಳ್ಳೋದು ಸ್ವಲ್ಪ ಕಷ್ಟ. ಡಾಕ್ಟರ ಚೀಟಿ ಇಲ್ಲದೆ ಕೊಡಲ್ಲ, ರಿಜಿಸ್ಟರ್‌ನಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಹಾಗೇ ಇರಬೇಕು, ಅದು ದುರುಪಯೋಗವಾಗುವ ಔಷಧ. ಆದರೆ ಒಂದು ಅಂಗಡಿಯವನು "ಸ್ಟಾಕ್ ಇಲ್ಲ, ನಾಳೆ ಬನ್ನಿ" ಅಂತ ದಿನಾ ತಿರುಗಿಸಿದ. ಈಗ ಹಳೆಯದು ಮುಗಿಯುವ ತಿಂಗಳ ಮುಂಚೆಯೇ ಹೇಳಿಡುತ್ತೇನೆ.

ಶಾಲೆಯವರು ಹಿಂದಿನಿಂದ ಹಾಕುವ ಔಷಧಕ್ಕೆ ಒಪ್ಪಿರಲಿಲ್ಲ, ಅವರ ತೊಂದರೆ ನನಗೂ ಅರ್ಥವಾಗಿತ್ತು. ಮೂಗಿನದ್ದು ಅಂದ ಕೂಡಲೇ ಟೀಚರ್ "ಕೊಡಿ, ನಾನು ಕಲೀತೀನಿ" ಅಂದರು. ತೂಕ ಹೆಚ್ಚಿದಂತೆ ಒತ್ತುಗಳ ಲೆಕ್ಕವೂ ಬದಲಾಗುತ್ತದೆ. ಅದಕ್ಕೆ ಪ್ರತಿ ಭೇಟಿಯಲ್ಲಿ ಡಾಕ್ಟರ ಕೈಯಲ್ಲೇ "ಎಷ್ಟು ಒತ್ತು, ಯಾವಾಗ" ಅಂತ ದಪ್ಪಕ್ಷರದಲ್ಲಿ ಬರೆಸಿಕೊಳ್ಳುತ್ತೇನೆ. ಅದರ ಒಂದು ಕಾಪಿ ಟೀಚರಿಗೆ, ಒಂದು ಅತ್ತೆಗೆ, ಒಂದು ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡೋಕೆ.