ದೋಟಿಗೆ ಗರಗಸ ಕಟ್ಟೋದಾ, ಮೋಟರ್ ಕಟ್ಟೋದಾ?

ನಮ್ಮದು ಮೂಡಿಗೆರೆ ಕಡೆ ನಾಲ್ಕು ಎಕರೆ ತೋಟ. ರೊಬಸ್ಟಾ ಜಾಸ್ತಿ, ಸ್ವಲ್ಪ ಅರೇಬಿಕಾ, ಸಿಲ್ವರ್ ಓಕ್ ಮೇಲೆ ಕಾಳುಮೆಣಸು, ಅಲ್ಲಲ್ಲಿ ಹಾಲುವಾಣ, ಮನೆ ಸುತ್ತ ಮೂರು ಹಲಸು, ಎರಡು ಮಾವು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಮುಗಿದ ಮೇಲೆ, ಮಳೆಗಾಲ ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಆಗಲೇಬೇಕು. ಇಲ್ಲದಿದ್ದರೆ ಜುಲೈ ತಿಂಗಳಲ್ಲಿ ತೋಟದೊಳಗೆ ಹಗಲಲ್ಲೂ ಮಬ್ಬು, ಗಾಳಿ ಆಡಲ್ಲ, ಕಾಫಿಗೆ ಕೊಳೆರೋಗ. ಆದರೆ ಮರ ಹತ್ತುವವರು ಆ ಹೊತ್ತಿಗೆ ಸಿಗಬೇಕಲ್ಲ? ಊರಿಗೆಲ್ಲ ಸೇರಿ ನಾಲ್ಕೈದು ಜನ, ಎಲ್ಲರಿಗೂ ಅವರೇ ಬೇಕು, ಅದೂ ಅದೇ 20 ದಿನದಲ್ಲಿ. ದೊಡ್ಡ ತೋಟದವರು ಮೊದಲೇ ಮುಂಗಡ ಕೊಟ್ಟು ಹಿಡಿದಿಟ್ಟಿರುತ್ತಾರೆ. ನಮ್ಮಂಥವರ ಸರದಿ ಬರುವಾಗ ಛತ್ರಿ ಬಿಚ್ಚಿರುತ್ತೇವೆ.

ಹಾಗಾಗಿ ಕೆಳಗಿನ ಕೊಂಬೆಗಳನ್ನಾದರೂ ನಾನೇ ತೆಗೆಯೋಣ ಅಂತ ಹೊರಟೆ. ಎರಡು ವರ್ಷದಲ್ಲಿ ಮೂರು ಥರದ ಪೋಲ್ ಸಾ, ಅಂದರೆ ಉದ್ದ ಕೋಲಿನ ಗರಗಸ, ಕೈಯಲ್ಲಿ ಹಿಡಿದಿದ್ದೇನೆ. ಕೈಯಲ್ಲಿ ಎಳೆಯುವ ಗರಗಸ ಒಂದು, ಆನ್‌ಲೈನಲ್ಲಿ ತರಿಸಿದ ಅಗ್ಗದ ಬ್ಯಾಟರಿಯದ್ದು ಒಂದು, ಪಕ್ಕದ ತೋಟದವರ ಹತ್ತಿರ ನಾಲ್ಕು ದಿನಕ್ಕೆ ಕೇಳಿ ತಂದ ಪೆಟ್ರೋಲ್‌ದು ಒಂದು. ಯಾವುದು ತಗೊಳ್ಳಲಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಒಬ್ಬೊಬ್ಬರಿಗೆ ಫೋನಲ್ಲಿ ಹೇಳಿ ಸಾಕಾಯಿತು.

ನಿಜ ಹೇಳಬೇಕೆಂದರೆ ಇದೇನು ಹೊಸ ಸಾಮಾನಲ್ಲ. ಬಿದಿರ ಗಳಕ್ಕೆ ಕತ್ತಿ ಕಟ್ಟಿ ಹಲಸಿನಕಾಯಿ ಕೆಡವದವರು ನಮ್ಮ ಕಡೆ ಯಾರಿದ್ದಾರೆ? ಘಟ್ಟದ ಕೆಳಗಿನವರು ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಅಡಿಕೆ ಕೊನೆ ಇಳಿಸುತ್ತಾರೆ, ಬೋರ್ಡೋ ದ್ರಾವಣವನ್ನೂ ಹೊಡೆಯುತ್ತಾರೆ. ಪೋಲ್ ಸಾ ಅಂದರೆ ಅದೇ ದೋಟಿ, ಕತ್ತಿ ಇದ್ದಲ್ಲಿ ಗರಗಸ. ಅಡಿಕೆ ಕೊನೆ ಬೀಳಲು ಒಂದೆರಡು ಎಳೆತ ಸಾಕು. ಕೊಂಬೆಗೆ ಐವತ್ತು, ನೂರು ಎಳೆತ ಬೇಕು. ಆ ನೂರನ್ನು ನಿಮ್ಮ ಹೆಗಲು ಎಳೆಯಬೇಕಾ, ಮೋಟರ್ ಎಳೆಯಬೇಕಾ? ಪ್ರಶ್ನೆ ಇಷ್ಟೇ.

ಮೊದಲು ಕೈಗರಗಸ. ನನ್ನದು ಅಲ್ಯೂಮಿನಿಯಂ ಕೊಳವೆ, ಮೂರು ತುಂಡು, ಪೂರ್ತಿ ಎಳೆದರೆ 15 ಅಡಿ. ಕೊಟ್ಟದ್ದು 3,800 ರೂಪಾಯಿ. ಬ್ಲೇಡು ಬಿಲ್ಲಿನಂತೆ ಬಾಗಿದೆ, ಹಲ್ಲು ಎಲ್ಲ ಹಿಂದಕ್ಕೆ ಮುಖ ಮಾಡಿವೆ. ಅಂದರೆ ಕೆಳಗೆ ಎಳೆದಾಗ ಮಾತ್ರ ಕೊಯ್ಯುತ್ತದೆ, ಮೇಲಕ್ಕೆ ಸುಮ್ನೆ ತಳ್ಳಬೇಕು. ಇದು ಗೊತ್ತಿಲ್ಲದೆ ಮೊದಲ ದಿನ ಎರಡೂ ಕಡೆ ಬಲ ಹಾಕಿ ಬೆನ್ನು ಹಿಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ಕೊಳವೆಯ ಭಾರವೇ ಬ್ಲೇಡನ್ನು ಒತ್ತುತ್ತದೆ, ನಾವು ನಿಧಾನಕ್ಕೆ ಉದ್ದಕ್ಕೆ ಎಳೆದರೆ ಸಾಕು. ಚಿಕ್ಕ ಚಿಕ್ಕ ಎಳೆತ ಅವಸರದವರ ಕೆಲಸ, ಅದರಲ್ಲಿ ಹುಡಿಯೂ ಬೀಳಲ್ಲ.

ಹಾಲುವಾಣದ ಕೊಂಬೆ ಇದಕ್ಕೆ ಬೆಣ್ಣೆ. ಮೆದು ಮರ, ಮಣಿಕಟ್ಟು ದಪ್ಪ ಇದ್ದರೂ ಒಂದು ನಿಮಿಷ ಬೇಡ. ಸಿಲ್ವರ್ ಓಕ್‌ನ ಅಡ್ಡ ಕೊಂಬೆಯೂ ಸಲೀಸು. ಹಲಸು ಮಾತ್ರ ಬೇರೆ ಲೆಕ್ಕ. ನಾಲ್ಕು ಇಂಚು ದಪ್ಪದ ಒಂದು ಕೊಂಬೆಗೆ ಗಡಿಯಾರ ನೋಡಿಕೊಂಡೇ ಕುಯ್ದೆ, ಮಧ್ಯೆ ಎರಡು ಸಲ ನಿಂತು ಉಸಿರು ತಗೊಂಡದ್ದು ಸೇರಿ ಆರು ನಿಮಿಷ. ಮೇಣ ಬ್ಲೇಡಿಗೆ ಅಂಟಿ ಅರ್ಧದಲ್ಲಿ ಗರಗಸ ಕಚ್ಚಿಕೊಂಡಿತು. ಅಮ್ಮ ಹಲಸು ಬಿಡಿಸುವಾಗ ಕತ್ತಿಗೆ ಹಚ್ಚುವ ಕೊಬ್ಬರಿ ಎಣ್ಣೆಯೇ ಇಲ್ಲಿಗೂ ಔಷಧಿ. ಮೊದಲೇ ಬ್ಲೇಡಿಗೆ ಸವರಿಕೊಂಡು ಹೋಗಿ.

ಮಾವಿನ ಮರದಲ್ಲಿ ಇನ್ನೊಂದು ಪಾಠ. ಕೊಂಬೆ ಅಲ್ಲಾಡಿದರೆ ಚಿಗಳಿ (ಮರದ ಕೆಂಪಿರುವೆ) ಗೂಡು ಅಲ್ಲಾಡುತ್ತದೆ, ಗೂಡು ಅಲ್ಲಾಡಿದರೆ ಚಿಗಳಿ ನೇರ ಕುತ್ತಿಗೆಗೆ. ಕೈಯಲ್ಲಿ 15 ಅಡಿ ಕೋಲು ಇರುವಾಗ ಕೆರೆದುಕೊಳ್ಳಲೂ ಆಗಲ್ಲ, ಬಿಡಲೂ ಆಗಲ್ಲ. ಮೇಲೆ ಒಂದು ಸಲ ಚೆನ್ನಾಗಿ ನೋಡಿ ಶುರು ಮಾಡಿ ಅಂತಷ್ಟೇ ಹೇಳುತ್ತೇನೆ.

ಕೈಗರಗಸ ಕೊಳ್ಳುವಾಗ ಬ್ಲೇಡಿಗಿಂತ ಮೊದಲು ಕೊಳವೆಯ ಬೀಗ ನೋಡಿ. ತಿರುಗಿಸಿ ಬಿಗಿ ಮಾಡುವ ಥರದ್ದು ಎಳೆತಕ್ಕೆ ಜಾರುತ್ತದೆ, ಕೊಂಬೆ ಅರ್ಧ ಆಗುವಾಗ ಕೋಲಿನ ಅಳತೆಯೇ ಬದಲಾಗಿರುತ್ತದೆ. ಕ್ಲ್ಯಾಂಪ್ ಇರುವುದು ಅಥವಾ ತೂತಿಗೆ ಗುಂಡಿ ಬಂದು ಕೂರುವುದು ವಾಸಿ. ಪೂರ್ತಿ ಎಳೆದು ಅಡ್ಡ ಹಿಡಿದು ನೋಡಿ, ಬಾಳೆದಿಂಡಿನ ಥರ ಬಾಗಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಬ್ಲೇಡಿನ ತುದಿಯಲ್ಲಿ ಕೊಕ್ಕೆ ಇದ್ದರೆ ಬಹಳ ಉಪಯೋಗ, ಯಾಕಂದರೆ ಕುಯ್ದ ಕೊಂಬೆ ಅರ್ಧದಷ್ಟು ಸಲ ನೆಲಕ್ಕೇ ಬೀಳಲ್ಲ, ಇನ್ನೊಂದು ಕೊಂಬೆ ಮೇಲೆ ಕೂರುತ್ತದೆ. ಹಲ್ಲಿನ ತುದಿ ಕಪ್ಪಗೆ ಅಥವಾ ನೀಲಿಯಾಗಿದ್ದರೆ ಅದು ಬಿಸಿ ಕೊಟ್ಟು ಗಟ್ಟಿ ಮಾಡಿದ್ದು. ಬಹಳ ದಿನ ಬಾಳುತ್ತದೆ, ಆದರೆ ಅರ ಹಿಡಿಯಲ್ಲ, ಮೊಂಡಾದರೆ ಬ್ಲೇಡನ್ನೇ ಬದಲಿಸಬೇಕು. ಹಾಗಾಗಿ ಬ್ಲೇಡು ಬಿಡಿಯಾಗಿ ಸಿಗುತ್ತಾ ಅಂತ ಮೊದಲೇ ಕೇಳಿ. ಜಪಾನಿನ ಸಿಲ್ಕಿ ಕಂಪನಿಯ ಹಯಾವುಚಿ ಅಂತ ಒಂದಿದೆ, 20 ಅಡಿ ದಾಟುವ ಮಾದರಿಯೂ ಇದೆ, ಬಳಸಿದವರೆಲ್ಲ ಹೊಗಳುತ್ತಾರೆ. ರೇಟು ಕೇಳಿ ನಾನು ಆ ಕಡೆ ತಿರುಗಿ ನೋಡಿಲ್ಲ.

ಈಗ ಬ್ಯಾಟರಿಯದ್ದು. ಇದರ ಕತೆ ಸ್ವಲ್ಪ ನೋವಿನದ್ದೇ. ಪುಟ್ಟ ಚೈನ್ ಸಾ, ಅದಕ್ಕೊಂದು ಕೋಲು, ಎರಡು ಬ್ಯಾಟರಿ, ಕನ್ನಡಕ, ಕೈಗವಸು, ಎಲ್ಲ ಸೇರಿ 7,500. ತೂಕ ಮೂರು ಕೆಜಿ ಚಿಲ್ಲರೆ ಅಂತ ಬರೆದಿತ್ತು. ಮೂರು ಕೆಜಿ ಏನು ಮಹಾ ಅನ್ನಿಸಿತು. ಆದರೆ ಆ ಮೂರು ಕೆಜಿ ಎಲ್ಲಿದೆ ಅಂತ ಬರೆದಿರಲಿಲ್ಲ! ಮೋಟರು, ಬ್ಲೇಡಿನ ಪಟ್ಟಿ, ಚೈನು ಎಲ್ಲ ಕೋಲಿನ ತುದಿಯಲ್ಲಿ. ಎರಡು ಲೀಟರ್ ನೀರಿನ ಬಾಟಲಿಯನ್ನು ಹತ್ತಡಿ ಕೋಲಿನ ತುದಿಗೆ ಕಟ್ಟಿ ಮೇಲೆ ಎತ್ತಿ ಹಿಡಿದು ನೋಡಿ, ನಾನು ಏನು ಹೇಳುತ್ತಿದ್ದೇನೆ ಅಂತ ಒಂದು ನಿಮಿಷದಲ್ಲಿ ಅರ್ಥ ಆಗುತ್ತದೆ. ಕೊಂಬೆ ಮೇಲೆ ಇಟ್ಟ ಮೇಲೆ ತೊಂದರೆ ಇಲ್ಲ, ಅದರ ಭಾರಕ್ಕೆ ಅದೇ ಇಳಿಯುತ್ತದೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಎತ್ತಿ ಇಡುವಾಗ, ಅದೂ ಕಾಫಿ ಗಿಡಗಳ ಮಧ್ಯೆ ಕಾಲಿಡಲು ಜಾಗ ಇಲ್ಲದ ಕಡೆ, ತೋಳು ನಡುಗಲು ಶುರು.

ಎಣ್ಣೆ ಪಂಪೂ ಇರಲಿಲ್ಲ. ಚೈನಿಗೆ ಎಣ್ಣೆ ಇಲ್ಲದಿದ್ದರೆ ಕಾಯುತ್ತದೆ, ಸಡಿಲ ಆಗುತ್ತದೆ, ಪಟ್ಟಿಯಿಂದ ಕಳಚುತ್ತದೆ. ಐದಾರು ಕೊಂಬೆಗೊಮ್ಮೆ ಕೆಳಗಿಳಿಸಿ ಹನಿ ಹನಿ ಎಣ್ಣೆ ಬಿಡಬೇಕು. ಒಂದು ಬ್ಯಾಟರಿ 25 ನಿಮಿಷ ಬಂತು. ಮೂರನೇ ವಾರ ಕೋಲಿನ ಒಳಗಿನ ವೈರ್ ಸಡಿಲಾಗಿ ಗುಂಡಿ ಒತ್ತಿದರೆ ಒಮ್ಮೆ ತಿರುಗುವುದು, ಒಮ್ಮೆ ಇಲ್ಲ. ಮಾರಿದವರಿಗೆ ಬರೆದರೆ ವಿಡಿಯೋ ಕಳಿಸಿ ಅಂದರು, ಕಳಿಸಿದೆ, ಇನ್ನೊಂದು ಕೋನದಿಂದ ಕಳಿಸಿ ಅಂದರು, ಅಷ್ಟರಲ್ಲಿ ವಾಪಸ್ ಕೊಡುವ ದಿನ ಮುಗಿದಿತ್ತು. ಈಗ ಕೋಲು ತೆಗೆದು ಬರೀ ಪುಟ್ಟ ಗರಗಸವನ್ನು ಬಿದ್ದ ಕೊಂಬೆ ತುಂಡು ಮಾಡಲು ಬಳಸುತ್ತೇವೆ. ಆ ಕೆಲಸಕ್ಕೆ ಚಿನ್ನದಂಥದ್ದು, ಸುಳ್ಳು ಹೇಳಬಾರದು. ಒಳ್ಳೆ ಕಂಪನಿಗಳ ಬ್ಯಾಟರಿ ಪೋಲ್ ಸಾ ಬೇರೆಯೇ ದರ್ಜೆ, ಅವುಗಳಲ್ಲಿ ತಾನಾಗಿ ಎಣ್ಣೆ ಬಿಡುವ ವ್ಯವಸ್ಥೆ ಇರುತ್ತದೆ. ನಾನು ಹೇಳುತ್ತಿರುವುದು ಈ ಅಗ್ಗದವುಗಳ ಬಗ್ಗೆ.

ಪೆಟ್ರೋಲ್‌ದು ಹಿಡಿದ ದಿನ ನನಗೆ ಭಾರ ಅಂದರೆ ಏನು ಅಂತ ಸರಿಯಾಗಿ ತಿಳಿಯಿತು. ತೂಕ ಏಳು ಕೆಜಿ ಆಸುಪಾಸು, ಬ್ಯಾಟರಿಯದ್ದಕ್ಕೆ ಎರಡು ಪಟ್ಟು. ಆದರೂ ಸುಸ್ತು ಕಡಿಮೆ! ಯಾಕಂದರೆ ಎಂಜಿನ್ ಕೆಳಗಿದೆ, ನಮ್ಮ ಸೊಂಟದ ಹತ್ತಿರ. ಕೊಳವೆಯೊಳಗೆ ಒಂದು ಶಾಫ್ಟ್ ತಿರುಗಿ ತುದಿಯ ಚೈನ್ ಓಡಿಸುತ್ತದೆ. ಹೆಗಲಿಗೆ ಬೆಲ್ಟ್ ಹಾಕಿಕೊಂಡರೆ ಭಾರ ಎಲ್ಲ ಮೈಮೇಲೆ, ಕೈಗೆ ದಾರಿ ತೋರಿಸುವ ಕೆಲಸ ಮಾತ್ರ. ಅದೇ ಹಲಸಿನ ಮರದ ಅಷ್ಟೇ ದಪ್ಪದ ಕೊಂಬೆ 15 ಸೆಕೆಂಡಿಗೆ ನೆಲದ ಮೇಲೆ. ಕೈಗರಗಸದಲ್ಲಿ ಮೂರು ದಿನ ಹಿಡಿದದ್ದನ್ನು ಅರ್ಧ ದಿನದಲ್ಲಿ ಮುಗಿಸಿದೆ.

ಹಾಗಂತ ಕೂಡಲೇ ಅಂಗಡಿಗೆ ಓಡಬೇಡಿ. ಸ್ಟಿಲ್, ಹಸ್ಕ್‌ವರ್ನಾ ಥರದ್ದು ತಗೊಂಡರೆ ಒಂದು ಹಳೇ ಸ್ಕೂಟರ್ ದುಡ್ಡು ಹೋಗುತ್ತದೆ. ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ ಸ್ಟ್ರೋಕ್ ಆಯಿಲ್, ಚೈನಿಗೆ ಬೇರೆ ಎಣ್ಣೆ. ಕೆಲವರು ಗಾಡಿಯಿಂದ ತೆಗೆದ ಕರಿ ಆಯಿಲ್ ಹಾಕುತ್ತಾರೆ, ಅದು ಪಂಪನ್ನೂ ಕೆಡಿಸುತ್ತದೆ, ಕಾಫಿ ಎಲೆ ಮೇಲೂ ಉದುರುತ್ತದೆ. ಚೈನ್ ಮೊಂಡಾದರೆ ದುಂಡು ಅರದಲ್ಲಿ ಒಂದೊಂದು ಹಲ್ಲನ್ನೂ ಉಜ್ಜಬೇಕು. ಹುಡಿ ಹಿಟ್ಟಿನ ಥರ ನುಣ್ಣಗೆ ಬರುತ್ತಿದೆ ಅಂದರೆ ಚೈನ್ ಮೊಂಡಾಗಿದೆ ಅಂತಲೇ ಅರ್ಥ, ಚೂಪಿದ್ದರೆ ತುರಿದ ಕೊಬ್ಬರಿ ಥರ ಬೀಳುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಪಕ್ಕದ ತೋಟದ ಮೇಸ್ತ್ರಿ.

ವೇಗದ ಇನ್ನೊಂದು ಮುಖವನ್ನೂ ಹೇಳಬೇಕು. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ಕೆಲವು ಕಡೆ ಅಡ್ಡ ಕೊಂಬೆಯನ್ನೂ ಸುತ್ತಿಕೊಂಡಿರುತ್ತದೆ. ಕೈಗರಗಸದಲ್ಲಿ ಬಳ್ಳಿ ಸಿಕ್ಕರೆ ಕೋಲಿನಲ್ಲೇ ಗೊತ್ತಾಗುತ್ತದೆ, ಎಳೆತ ಮೆತ್ತಗಾಗುತ್ತದೆ, ನಿಲ್ಲಿಸಬಹುದು. ಚೈನಿಗೆ ಬಳ್ಳಿಯೂ ಒಂದೇ ಕೊಂಬೆಯೂ ಒಂದೇ. ಆರು ವರ್ಷದ ಪಣಿಯೂರು ತಳಿಯ ಬಳ್ಳಿ, ಒಳ್ಳೆ ಗೆರೆ (ಮೆಣಸಿನ ಗೊಂಚಲು) ಬಿಡುತ್ತಿದ್ದದ್ದು, ನಾನು ಥ್ರಾಟಲ್ ಬಿಡುವಷ್ಟರಲ್ಲಿ ಎರಡು ತುಂಡು. ಮೂರು ದಿನ ಆದ ಮೇಲೆ ಮೇಲಿನ ಅರ್ಧ ಬಾಡಿ ನೇತಾಡುವುದನ್ನು ನೋಡಿ ಹೆಂಡತಿ ಏನೂ ಹೇಳಲಿಲ್ಲ. ಅದೇ ಕಷ್ಟ ಆಯಿತು.

ದಪ್ಪ ಕೊಂಬೆಗೆ ಯಾವ ಗರಗಸವಾದರೂ ಸರಿ, ಮೂರು ಕೊಯ್ತ. ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ, ಅದಕ್ಕಿಂತ ಎರಡಿಂಚು ಆಚೆ ಮೇಲಿನಿಂದ ಪೂರ್ತಿ, ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ಕಾಂಡದ ಹತ್ತಿರ, ಆದರೆ ಬುಡದ ಉಬ್ಬಿದ ಬಳೆಯನ್ನು ಬಿಟ್ಟು. ಆ ಬಳೆಯಿಂದಲೇ ಗಾಯ ಮುಚ್ಚಿಕೊಳ್ಳುವುದು. ನೇರ ಮೇಲಿನಿಂದ ಒಂದೇ ಸಲ ಕುಯ್ದರೆ ಕೊಂಬೆ ಬೀಳುವಾಗ ತೊಗಟೆಯನ್ನು ಸೀಳಿಕೊಂಡೇ ಬರುತ್ತದೆ. ನಮ್ಮ ಮಾವಿನ ಮರದ ಮೈಮೇಲೆ ಎರಡಡಿ ಉದ್ದದ ಗುರುತು ಇನ್ನೂ ಇದೆ.

ಕೊಂಬೆ ಕೆಳಗೆ ನಿಲ್ಲಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ಕೋಲು ನೇರ ಮಾಡಿದಷ್ಟೂ ಎತ್ತರ ಸಿಗುತ್ತೆ ಅಂತ ಕಾಲು ತಾನಾಗಿ ಒಳಗೆ ಹೋಗುತ್ತದೆ. ಪೆಟ್ರೋಲ್ ಗರಗಸದ ಕೈಪಿಡಿಯಲ್ಲಿ 60 ಡಿಗ್ರಿಗಿಂತ ನೇರ ಮಾಡಬೇಡಿ ಅಂತಿತ್ತು. ಹಾಗೆ ನೋಡಿದರೆ 15 ಅಡಿ ಕೋಲಿಗೆ ನೀವು ಅಂದುಕೊಂಡಷ್ಟು ಎತ್ತರ ಸಿಗಲ್ಲ. 60 ಅಡಿ ಸಿಲ್ವರ್ ಓಕ್‌ನ ನೆತ್ತಿಗೆ ಇವತ್ತಿಗೂ ಮರ ಹತ್ತುವವರೇ ಬೇಕು.

ಕರೆಂಟ್ ಲೈನ್ ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡಲ್ಲ. ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಮೆಣಸು ಕುಯ್ಯುವವರು ಸತ್ತ ಸುದ್ದಿ ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಯೂಮಿನಿಯಂ ಕೋಲೂ ಅದೇ. ಕಾರ್ಬನ್ ಫೈಬರ್ ಪ್ಲಾಸ್ಟಿಕ್ ಥರ ಕಾಣುತ್ತದೆ, ಆದರೆ ಅದರಲ್ಲೂ ಕರೆಂಟ್ ಹರಿಯುತ್ತದೆ. ಒದ್ದೆ ಬಿದಿರನ್ನೂ ನಂಬಬೇಡಿ. 11 ಕೆವಿ ಲೈನಿಗೆ ತಾಗಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಹಾರುತ್ತದೆ. ಲೈನ್ ಪಕ್ಕದ ಮರ ಇದ್ದರೆ ಮೊದಲು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಅಥವಾ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿ. ಆಗಲ್ಲ ಅಂದರೆ ಆ ಕೊಂಬೆ ಇರಲಿ ಬಿಡಿ.

ಇನ್ನು ಯಾವುದು ತಗೊಳ್ಳೋದು? ಮನೆ ಹಿತ್ತಲು, ಹತ್ತು ಹದಿನೈದು ಮರ, ವರ್ಷಕ್ಕೊಮ್ಮೆ ಕೆಲಸ ಅಂದರೆ ಕಣ್ಣು ಮುಚ್ಚಿಕೊಂಡು ಕೈಗರಗಸ. ಬೆಂಗಳೂರಲ್ಲಿ ಮನೆ ಮುಂದೆ ಒಂದು ನುಗ್ಗೆ, ಒಂದು ಸೀಬೆ ಇರುವವರು ಮೋಟರ್ ಯೋಚನೆಯನ್ನೇ ಮಾಡಬೇಡಿ. ಆದರೆ ಹೆಗಲು ನೋವಿದ್ದವರಿಗೆ, 60 ದಾಟಿದವರಿಗೆ ಕೈಗರಗಸ ಕೊಡಬೇಡಿ, ತಲೆ ಮೇಲೆತ್ತಿ ನೂರು ಎಳೆತ ಅಂದರೆ ಕುತ್ತಿಗೆ ಹೋಗುತ್ತದೆ. ಮೂರು ನಾಲ್ಕು ಎಕರೆ ಇದ್ದು ಪ್ರತಿ ವರ್ಷ ಮರಗಸಿ ಇದ್ದರೆ ಪೆಟ್ರೋಲ್‌ದು ದುಡ್ಡು ವಸೂಲಿ, ಆದರೆ ಒಬ್ಬರೇ ಕೊಳ್ಳುವ ಸಾಮಾನಲ್ಲ ಅದು, ವರ್ಷದಲ್ಲಿ 340 ದಿನ ಮೂಲೆಯಲ್ಲಿ ನಿಂತಿರುತ್ತದೆ. ಬಾಡಿಗೆಗೆ ಸಿಗುತ್ತಾ ಅಂತ ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ ನೋಡಿ. ಅಗ್ಗದ ಬ್ಯಾಟರಿ ಕೋಲು ಯಾರಿಗೆ ಅಂದರೆ, ಯಾರಿಗೂ ಬೇಡ. ಯಾವುದೇ ಇರಲಿ, ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ. ಬೈಕಿನ ಹೆಲ್ಮೆಟ್ ಹಾಕಿಕೊಂಡು ತೋಟಕ್ಕೆ ಹೋದ ನನ್ನನ್ನು ನೋಡಿ ಕೆಲಸದವರು ನಕ್ಕರು, ನಗಲಿ.

ಈ ಸಲ ಪಕ್ಕದ ಇಬ್ಬರ ಜೊತೆ ಸೇರಿ ಒಂದು ಪೆಟ್ರೋಲ್ ಪೋಲ್ ಸಾ ತಗೊಳ್ಳುವ ಮಾತಾಗಿದೆ. ದುಡ್ಡು ಮೂರು ಪಾಲು, ಅದಕ್ಕೆ ಎಲ್ಲರೂ ಒಪ್ಪಿದ್ದಾರೆ. ಹೂಮಳೆ ಆದ ಮೇಲೆ ಮೊದಲು ಯಾರ ತೋಟ, ಚೈನಿಗೆ ಅರ ಹಾಕುವವರು ಯಾರು ಅನ್ನುವುದು ಇನ್ನೂ ಬಗೆಹರಿದಿಲ್ಲ.