ಕೌದಿಗೆ ಯಾವ ಹಳೇ ಬಟ್ಟೆ: ಕಾಟನ್ ಸೀರೆ, ಪಾಲಿಯೆಸ್ಟರ್ ಸೀರೆ, ಜೀನ್ಸ್

ಮೊದಲೇ ಹೇಳಿಬಿಡುತ್ತೇನೆ: ಕೌದಿ ಅಂದರೆ ಉಟ್ಟು, ಒಗೆದು ಮೆತ್ತಗಾದ ಕಾಟನ್ ಸೀರೆಯದೇ. ಉಳಿದೆರಡನ್ನೂ ಹೊಲಿದು, ಹೊದ್ದು ನೋಡಿಯೇ ಈ ಮಾತು.

ಆರು ಗಜದ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡನ್ನೂ ಪಕ್ಕಪಕ್ಕ ಜೋಡಿಸಿದರೆ ಡಬಲ್ ಮಂಚಕ್ಕೆ ಸಾಕಾಗುವ ಒಂದು ಪದರ. ಅಂಥ ನಾಲ್ಕು ಪದರ ಹಾಕಿದರೂ ಕಾಟನ್ನಿನಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ. ಅಮ್ಮನ ಇಳಕಲ್ ಸೀರೆಯ ಕೆಂಪು ಸೆರಗನ್ನು ಮಾತ್ರ ಬಳಸಲಿಲ್ಲ. ಒಡಲು ಗಟ್ಟಿಯಿದ್ದರೂ ಸೆರಗಿನ ರೇಷ್ಮೆ ಮಡಿಕೆಯಲ್ಲೇ ಬಿರಿದಿತ್ತು.

ಪಾಲಿಯೆಸ್ಟರ್ ಸೀರೆಯ ದೊಡ್ಡ ಕಾಟ ಜಾರುವುದು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಹಾಗೆ ನಾನೂ ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ಬರುತ್ತೇನೆ. ಕಾಟನ್ ಆದರೆ ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಸ್ವಲ್ಪ ಸಡಿಲವಿದ್ದರೂ ಹೊಲಿಗೆಯಲ್ಲೇ ಅಡಗಿಹೋಗುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಪ್ರತಿ ಸುತ್ತಿಗೂ ಮೇಲಿನ ಪದರ ಕೂದಲೆಳೆಯಷ್ಟು ಒಳಕ್ಕೆ ಸರಿಯುತ್ತದೆ. ಅಂಚಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ಸರಿದ ಬಟ್ಟೆಯೆಲ್ಲ ನಡುವೆ ಬಂದು ಗುಬ್ಬಟೆಯಾಗಿ ನಿಲ್ಲುತ್ತದೆ.

ಅದನ್ನು ಸರಿಮಾಡಲು ಒಳಗಿನ ಸುತ್ತುಗಳನ್ನೆಲ್ಲ ಬಿಚ್ಚಿದೆ. ಎರಡನೇ ಸಲ ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಕಟ್ಟಿಹಾಕಿದ ಮೇಲೆ ತಕ್ಕಮಟ್ಟಿಗೆ ಕೂತಿತು. ಆದರೂ ನಡುವೆ ಮೂರು ನೆರಿಗೆ ಉಳಿದೇ ಉಳಿದವು, ಮಲಗಿದರೆ ಬೆನ್ನಿಗೆ ತಗಲುತ್ತವೆ. ಕೂಲಿಗೆ ಕೌದಿ ಹೊಲಿಯುವ ಅಕ್ಕನೊಬ್ಬರನ್ನು ಕೇಳಿದರೆ, ಪಾಲಿಯೆಸ್ಟರ್ ಅಂದ ಕೂಡಲೇ ಕೂಲಿ ಏರಿಸಿದರು. ಅವರು ಕೇಳಿದ್ದು ನ್ಯಾಯವೇ.

ಇಷ್ಟಾಗಿಯೂ ಅದು ಬೆವರು ಹೀರುವುದಿಲ್ಲ. ಬೇಗ ಒಣಗುತ್ತದೆ, ಬಣ್ಣ ಮಾಸುವುದಿಲ್ಲ ಅನ್ನುವುದಷ್ಟೇ ಲಾಭ.

ಜೀನ್ಸ್ ಕೌದಿ ಎರಡೇ ಪದರಕ್ಕೆ ಹಾಸುಗಲ್ಲಿನಷ್ಟು ಭಾರ. ಹೊಲಿಗೆ ಕೂಡುವ ಕಡೆ ಸೂಜಿ ಮುರಿಯುತ್ತದೆ, ನೆನೆದರೆ ಒಬ್ಬರಿಂದ ಎತ್ತಲಾಗದು. ನೆಲಕ್ಕೆ ಹಾಸಲು ಚೆನ್ನ.

ನಾನು ಬೆಂಗಳೂರಿನಲ್ಲಿ ವರ್ಷವಿಡೀ ಫ್ಯಾನ್ ಹಾಕಿ ಮಲಗುವವಳು, ಕೌದಿಯನ್ನು ಬಕೆಟ್ಟಿನಲ್ಲೇ ಒಗೆಯುವವಳು. ದುಡ್ಡು ಕೊಟ್ಟು ಹೊಲಿಸುವುದಾದರೂ ಕಾಟನ್ನಿಗೇ ಕೊಡುತ್ತೇನೆ. ಮನೆಯಲ್ಲಿ ಕಾಟನ್ ಸೀರೆ ಸಾಲದಿದ್ದರೆ ಹಳೇ ಪಂಚೆ, ಬೆಡ್‌ಶೀಟ್ ಒಳಪದರಕ್ಕೆ ಹಾಕಿ. ಪಾಲಿಯೆಸ್ಟರ್ ಸೀರೆಯ ಬಣ್ಣ ಇಷ್ಟವಾಗಿದ್ದರೆ ಅಂಗೈಯಗಲದ ತುಂಡು ಮಾಡಿ, ಅಂಚು ಮಡಚಿ, ಮೇಲೆ ತೇಪೆಯಾಗಿ ಹೊಲಿಯಿರಿ. ಅಷ್ಟು ಚಿಕ್ಕ ತುಂಡಾದರೆ ಜಾರುವುದಿಲ್ಲ.