ಹಾರ್ಡ್‌ಡಿಸ್ಕ್ ಹೋಗಿದೆ ಅಂದವರಿಗೆ ದುಡ್ಡು ಕೊಡುವ ಮೊದಲು ಹಬ್ ಕಿತ್ತು ನೋಡಿ

ಡಿಟಿಪಿಯವರು, ಫೋಟೋ ಸ್ಟುಡಿಯೋದವರು, ಒಂದೇ ಕಂಪ್ಯೂಟರಿಗೆ ಹತ್ತಾರು ಸಾಮಾನು ಸಿಕ್ಕಿಸಿಕೊಂಡು ಕೂರುವವರು ಇದನ್ನು ದಯವಿಟ್ಟು ಓದಿ. ಹಬ್ ಅಂದರೆ ಕಂಪ್ಯೂಟರಿನ ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡಿಕೊಡುವ ಡಬ್ಬಿ. ಅಡಾಪ್ಟರ್ ಇಲ್ಲದ ಅಗ್ಗದ ಯುಎಸ್‌ಬಿ ಹಬ್‌ಗೆ ಪೋರ್ಟಬಲ್ ಹಾರ್ಡ್‌ಡಿಸ್ಕ್ ಹಾಕಬೇಡಿ. ಕರೆಂಟ್ ಸಾಲದಿದ್ದರೆ ಗಟ್ಟಿಮುಟ್ಟಾದ ಡಿಸ್ಕೂ ಸತ್ತಂತೆಯೇ ಆಡುತ್ತದೆ. ಸತ್ತೇ ಹೋಗಿದೆ ಎಂದು ಸಾವಿರಗಟ್ಟಲೆ ಕೇಳುವವರು ಊರಲ್ಲಿದ್ದೇ ಇದ್ದಾರೆ.

ನನ್ನದು ಧಾರವಾಡದಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರ್, ಸ್ಮರಣ ಸಂಚಿಕೆ, ಎಲ್ಲದರ ಹಳೇ ಫೈಲು 2.5 ಇಂಚಿನ ಡಿಸ್ಕಿನಲ್ಲಿವೆ. ಪೋರ್ಟ್ ಸಾಲುತ್ತಿಲ್ಲವೆಂದು ಏಳು ಪೋರ್ಟಿನ ಹಬ್ ತಂದೆ. ಅದರ ಪಕ್ಕದಲ್ಲಿ ಅಡಾಪ್ಟರ್ ಸಿಕ್ಕಿಸುವ ತೂತಿತ್ತು, ಡಬ್ಬಿಯೊಳಗೆ ಅಡಾಪ್ಟರ್ ಇರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವನು, "ಅದೇನ್ ಬೇಕಾಗಂಗಿಲ್ರಿ ಸರ, ಕಂಪ್ಯೂಟರಿಂದನ ಕರೆಂಟ್ ತಗೋತೈತಿ" ಅಂದ. ತಗೊಳ್ಳುತ್ತದೆ, ಸುಳ್ಳಲ್ಲ. ಎಷ್ಟು ತಗೊಳ್ಳುತ್ತದೆ ಅಂತ ಅವನೂ ಹೇಳಲಿಲ್ಲ, ಡಬ್ಬಿಯ ಮೇಲೂ ಇರಲಿಲ್ಲ.

ಮೊದಮೊದಲು ದೊಡ್ಡ ಫೋಲ್ಡರ್ ಕಾಪಿ ಮಾಡುವಾಗ ಮಾತ್ರ ಡಿಸ್ಕ್ ತಾನಾಗಿ ಬಿಟ್ಟುಹೋಗುತ್ತಿತ್ತು. ಆಮೇಲಾಮೇಲೆ ಸ್ಕ್ಯಾನರ್ ಚಾಲೂ ಮಾಡಿದರೆ ಸಾಕು, ಡಿಸ್ಕಿನೊಳಗೆ 'ಟಿಕ್' ಅನ್ನುವುದು, ಅದರ ದೀಪ ಆರಿ ಮತ್ತೆ ಹತ್ತುವುದು, ಒಳಗಿನ ತಟ್ಟೆ ಗುಯ್ಯೆಂದು ತಿರುಗಲು ಹೊರಟು ಅರ್ಧಕ್ಕೆ ನಿಲ್ಲುವುದು. ಕೊನೆಗೊಂದು ದಿನ ವಿಂಡೋಸ್ "ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂಬ ಚೌಕ ತೋರಿಸಿತು. ಆ ಚೌಕ ನಿಮಗೆ ಯಾವತ್ತು ಕಂಡರೂ ಕ್ಯಾನ್ಸಲ್ ಒತ್ತಿ. ಡಿಸ್ಕನ್ನು ಸರಿಯಾಗಿ ಓದಲಾಗದಿದ್ದಾಗಲೂ ವಿಂಡೋಸ್ ಅದನ್ನೇ ಕೇಳುತ್ತದೆ.

ರಿಪೇರಿ ಅಂಗಡಿಯವರು ತಮ್ಮ ಟೇಬಲ್ ಮೇಲಿದ್ದ ಇನ್ನೊಂದು ಹಬ್‌ಗೆ, ಮಾರುದ್ದದ ಕೇಬಲ್ಲಿನಲ್ಲಿ ಸಿಕ್ಕಿಸಿ, ಎರಡು ಸಲ ಟಿಕ್ ಅಂದದ್ದು ಕೇಳಿ, ತಟ್ಟೆಯನ್ನು ಓದುವ ಭಾಗವೇ (ಹೆಡ್) ಕೆಟ್ಟಿದೆ ಎಂದು ತೀರ್ಪು ಕೊಟ್ಟರು: "ಹೆಡ್ ಹೋಗೇತ್ರಿ ಸರ. ಬೆಂಗಳೂರಿಗೆ ಕಳಸಬೇಕು, ಹದಿನೆಂಟು ಸಾವಿರ ಆಕ್ಕತಿ." ನೇರವಾಗಿ ಕಂಪ್ಯೂಟರಿಗೆ ಹಾಕಿ ನೋಡುವಷ್ಟು ತಾಳ್ಮೆಯೂ ಅವರಿಗಿರಲಿಲ್ಲ. ಅಷ್ಟು ದುಡ್ಡು ಕೈಯಲ್ಲಿರದ್ದೇ ಒಳ್ಳೆಯದಾಯಿತು.

ಪಾಲಿಟೆಕ್ನಿಕ್‌ನಲ್ಲಿ ಕಲಿಸುವ ಅಕ್ಕನ ಮಗ ಒಂದು ಸಣ್ಣ ಯುಎಸ್‌ಬಿ ಮೀಟರ್ ತಂದು ಹಬ್ ಮತ್ತು ಡಿಸ್ಕಿನ ನಡುವೆ ಸಿಕ್ಕಿಸಿದ. ಡಿಸ್ಕ್ ಹಾಕುವ ಮುಂಚೆ 5 ವೋಲ್ಟಿನ ಆಸುಪಾಸು ಇದ್ದದ್ದು, ತಟ್ಟೆ ತಿರುಗಲು ಶುರುವಾದ ಕೂಡಲೇ 4.3ಕ್ಕೆ ಜಾರಿತು. ಟಿಕ್. "ಮಾಮಾ, ಡಿಸ್ಕಿಗೇನೂ ಆಗಿಲ್ಲ. ಈ ಹಬ್ ಅದನ್ನ ಉಪವಾಸ ಕೆಡವೇತಿ" ಅಂದ.

ಲೆಕ್ಕ ಇಷ್ಟೇ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, 3.0 ಪೋರ್ಟ್ ಆದರೆ 900. ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ತಾನೂ ಉಂಡು ಉಳಿದವರಿಗೂ ಹಂಚಬೇಕು. ಪೋರ್ಟ್ ಏಳಿದ್ದರೂ ಪಾಲು ಹೆಚ್ಚುವುದಿಲ್ಲ. ಇಂಥ ಡಿಸ್ಕ್ ತಿರುಗಲು ಶುರುವಾಗುವ ಕ್ಷಣಕ್ಕೆ ಒಂದು ಆಂಪ್ ಹತ್ತಿರ ಎಳೆಯುತ್ತದೆ. ಮೇಲೆ ಕೇಬಲ್ ಬೇರೆ. ಕೆಲವು ಕೇಬಲ್ಲಿನ ಮೇಲೆ 28ಎಡಬ್ಲ್ಯೂಜಿ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಅದು ತಂತಿಯ ದಪ್ಪದ ಅಳತೆ, ಅಂಕೆ ಹೆಚ್ಚಿದಷ್ಟೂ ತಂತಿ ತೆಳು. ಕರೆಂಟ್ ಹರಿಯುವ ಎಳೆಗಳೂ ಅಷ್ಟೇ ತೆಳುವಾಗಿದ್ದರೆ, ಒಂದು ಮೀಟರ್ ಉದ್ದಕ್ಕೆ ಒಂದು ಆಂಪ್ ಹರಿದಾಗ ಹೋಗಿಬರುವ ದಾರಿಯಲ್ಲೇ 0.4 ವೋಲ್ಟ್ ಸೋರಿಹೋಗುತ್ತದೆ. 24 ಅಂಕೆಯದು ದಪ್ಪ, ಸೋರುವುದು ಅದರ ಅರ್ಧಕ್ಕಿಂತ ಕಡಿಮೆ.

ಡಿಸ್ಕನ್ನು ಅದರ ಜತೆ ಬಂದಿದ್ದ ಗಿಡ್ಡ ಕೇಬಲ್ಲಿನಲ್ಲಿ ಕಂಪ್ಯೂಟರಿನ ಹಿಂಬದಿಯ, ಮದರ್‌ಬೋರ್ಡಿನ ಪೋರ್ಟಿಗೆ ನೇರವಾಗಿ ಹಾಕಿದೆವು. ತೆರೆಯಿತು. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡು, ಆಮೇಲಷ್ಟೇ ಡಿಸ್ಕಿನ ತಪ್ಪು ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದೆವು. ಆ ಕ್ರಮ ತಿರುಗಿಸಬೇಡಿ. ಬರೆಯುವಾಗಲೇ ಕರೆಂಟ್ ಕಡಿದುಹೋಗಿದ್ದ ಒಂದು ಸ್ಮರಣ ಸಂಚಿಕೆಯ ಪುಟಗಳು ಮಾತ್ರ ಸಿಗಲೇ ಇಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ನೋಡಿದರೆ ಕೆಟ್ಟ ಸೆಕ್ಟರ್ ಸೊನ್ನೆ. ಹಿಂಬದಿಗೆ ನೇರವಾಗಿ ಹಾಕಿದಾಗಲೂ ನಿಮ್ಮ ಡಿಸ್ಕ್ ಟಿಕ್ ಟಿಕ್ ಅನ್ನುತ್ತಲೇ ಇದ್ದರೆ ಅದು ನಿಜವಾದ ಕಾಯಿಲೆ, ಆಗ ಮತ್ತೆ ಮತ್ತೆ ಹಾಕಿ ನೋಡಬೇಡಿ.

ಪವರ್ ಆಪ್ಷನ್ಸ್‌ಗೆ ಹೋಗಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ತೆಗೆಯಿರಿ ಎಂದು ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳುತ್ತಾರೆ. ಸುಮ್ಮನಿದ್ದ ಮೌಸ್, ಕೀಬೋರ್ಡ್ ನಿದ್ದೆಗೆ ಜಾರುವ ತೊಂದರೆಗೆ ಅದು ಸರಿ. ಕೆಲಸದ ನಡುವೆ ಕೈಕೊಡುವ ಡಿಸ್ಕಿಗೆ ಅದರಿಂದ ಏನೂ ಆಗುವುದಿಲ್ಲ.

ಹಾಗಂತ ಹಬ್‌ಗೆ ಸಿಕ್ಕಿದ ಅಡಾಪ್ಟರ್ ಚುಚ್ಚಬೇಡಿ. 5 ವೋಲ್ಟಿನ ಹಬ್‌ಗೆ 12 ವೋಲ್ಟಿನದು ಕೂತುಬಿಟ್ಟರೆ ಹಬ್ ಜತೆಗೆ ಡಿಸ್ಕೂ ಹೋಗಬಹುದು. ಅಡಾಪ್ಟರ್ ಸಮೇತ ಮಾರುವ ಹಬ್ಬನ್ನೇ ಕೊಳ್ಳಿ. ಕೊಂಡ ಮೇಲೆ, ಕಂಪ್ಯೂಟರಿನ ಗೋಡೆಯ ಸ್ವಿಚ್ ಆರಿಸಿ, ಹಬ್‌ನದು ಮಾತ್ರ ಚಾಲೂ ಇಟ್ಟು ನೋಡಿ. ಕಂಪ್ಯೂಟರಿನ ದೀಪ ಮಿಣುಕಿದರೆ ಅಥವಾ ಫ್ಯಾನ್ ಅಲುಗಿದರೆ ಆ ಹಬ್ ಕರೆಂಟನ್ನು ಹಿಂದಕ್ಕೆ ತಳ್ಳುತ್ತಿದೆ. ಅವತ್ತೇ ವಾಪಸ್ ಕೊಡಿ.